ಒಂದೇ ಹೆಸರು, ಎರಡು ಹುಳು: ಮೂತಿ ಪತಂಗಗಳ ಬಳಗ ಮತ್ತು ಅವುಗಳ ನೆಲೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಆಫೀಸ್ ಕ್ಯಾಬಲ್ಲಿ ಕೂತು ಓದೋರು ಇದನ್ನೇ ಓದಬಹುದು. ಸ್ಲೈಡಿನಲ್ಲಿ ತೋರಿಸಿದ ಚಿತ್ರಗಳನ್ನ ಇಲ್ಲಿ ಮಾತಲ್ಲೇ ವಿವರಿಸಿದ್ದೀನಿ.

ಊರಿಂದ ತಂದ ಅಕ್ಕಿ ಅಥವಾ ರವೆ ಡಬ್ಬಿಯನ್ನ ಎರಡು ತಿಂಗಳು ಮುಟ್ಟದೆ ಇಟ್ಟು ನೋಡಿ. ಕಾಳುಗಳು ಸಣ್ಣ ನೂಲಿನಲ್ಲಿ ಅಂಟಿಕೊಂಡು ಗಂಟುಗಂಟಾಗಿರುತ್ತವೆ. ಮುಚ್ಚಳ ತೆಗೆದ ಕೂಡಲೇ ಬೂದು ಬಣ್ಣದ ಪುಟ್ಟ ಪತಂಗವೊಂದು ಹಾರಿ ಗೋಡೆ ಮೇಲೆ ಕೂರುತ್ತೆ. ಪುಣೆಯ ಫ್ಲಾಟ್ ಆದರೂ ಅಷ್ಟೇ, ಚೆನ್ನೈ ಆದರೂ ಅಷ್ಟೇ. ಅದು ಅಕ್ಕಿ ಪತಂಗ, ವೈಜ್ಞಾನಿಕ ಹೆಸರು ಕಾರ್ಸೈರಾ ಸೆಫಲೋನಿಕಾ. ಇನ್ನು ಗದ್ದೆಯಲ್ಲಿ ಭತ್ತದ ಸುಳಿ ಒಣಗಿಸೋ ಕಾಂಡ ಕೊರಕ, ಬದನೆಕಾಯಿ ಹೆಚ್ಚುವಾಗ ಒಳಗೆ ಸಿಗೋ ಹುಳು, ಏಲಕ್ಕಿ ಗಿಡ ಕೊರೆಯೋ ಹುಳು, ಜೇನುಪೆಟ್ಟಿಗೆಯಲ್ಲಿ ಮೇಣದ ಎರಿ ಹಾಳು ಮಾಡೋ ಹುಳು. ನೋಡೋಕೆ ಒಂದಕ್ಕೊಂದು ಸಂಬಂಧ ಇಲ್ಲ ಅನ್ನಿಸುತ್ತೆ. ಆದರೆ ಇವೆಲ್ಲ ಒಂದೇ ಬಳಗ. ಇಂಗ್ಲಿಷಿನಲ್ಲಿ ಸ್ನೌಟ್ ಮಾತ್ ಅಂತಾರೆ, ನಾವು ಮೂತಿ ಪತಂಗ ಅನ್ನೋಣ.

ಮೂತಿ ಅಂದರೆ ಏನು?

ಈ ಪತಂಗವನ್ನ ಪಕ್ಕದಿಂದ ನೋಡಿದರೆ ತಲೆಯ ಮುಂದೆ ಚೂಪಾದ ಮೂತಿ ಇದ್ದ ಹಾಗೆ ಕಾಣುತ್ತೆ. ನಿಜಕ್ಕೂ ಅದು ಬಾಯಲ್ಲ. ಬಾಯಿಯ ಕೆಳಗಿನಿಂದ ಹೊರಟ, ಪುಡಿಯಂಥ ಹುರುಪೆ ಮುಚ್ಚಿದ ಒಂದು ಜೊತೆ ಸ್ಪರ್ಶಾಂಗ. ಮಕರಂದ ಹೀರುವ ಕೊಳವೆ ಬೇರೆಯೇ ಇದೆ, ಅದರ ಬುಡದ ಮೇಲೂ ಹುರುಪೆ ಇರೋದು ಈ ಬಳಗದ ಒಂದು ಗುರುತು.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡೋಣ. ತೆಂಗಿನ ಮರದ ಕೆಂಪುಮೂತಿ ಹುಳು ಇದೆಯಲ್ಲ, ಅದು ದುಂಬಿ ಜಾತಿ. ಮೂತಿ ಪತಂಗಕ್ಕೂ ಅದಕ್ಕೂ ಹೆಸರಲ್ಲಿ ಬಿಟ್ಟರೆ ಬೇರೆ ನಂಟಿಲ್ಲ.

ಕಿವಿ ನೋಡಿ ಕುಟುಂಬ ಹೇಳೋದು

ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರೋ ಮೂತಿ ಪತಂಗಗಳು ಸುಮಾರು 16,000 ಪ್ರಭೇದ. ಬಹಳ ಕಾಲ ಇವನ್ನೆಲ್ಲ ಪೈರಾಲಿಡೇ ಅನ್ನೋ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ನಮ್ಮ ದೇಶದ ಮೂತಿ ಪತಂಗಗಳನ್ನ ಒಟ್ಟಾಗಿ ಪಟ್ಟಿ ಮಾಡಿದ ದೊಡ್ಡ ಪುಸ್ತಕ ಬಂದಿದ್ದು 1896ರಲ್ಲಿ, ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಪತಂಗಗಳ ನಾಲ್ಕನೇ ಸಂಪುಟ. ಬರೆದವರು ಜಾರ್ಜ್ ಹ್ಯಾಂಪ್ಸನ್. ಮೊದಲು ನೀಲಗಿರಿಯಲ್ಲಿ ಟೀ ತೋಟ ಮಾಡಿಕೊಂಡಿದ್ದವರು, ಆಮೇಲೆ ಲಂಡನ್ನಿನ ಮ್ಯೂಸಿಯಂ ಸೇರಿ ಪತಂಗಗಳ ದೊಡ್ಡ ಪಂಡಿತರಾದರು. ರೆಕ್ಕೆಯ ನರಗಳು ಎಲ್ಲಿ ಕವಲೊಡೆಯುತ್ತವೆ, ಮೂತಿ ಎಷ್ಟು ಉದ್ದ, ಇಂಥ ಲಕ್ಷಣ ನೋಡಿ ಅವರು ವಿಂಗಡಿಸಿದರು.

1980ರ ದಶಕದಲ್ಲಿ ಫ್ರಾನ್ಸಿನ ಜೋಯೆಲ್ ಮಿನೆ ಬೇರೆ ಕಡೆ ನೋಡಿದರು: ಕಿವಿ. ಹೌದು, ಮೂತಿ ಪತಂಗಕ್ಕೆ ಕಿವಿ ಇದೆ. ತಲೆಯಲ್ಲಲ್ಲ, ಹೊಟ್ಟೆಯ ಬುಡದ ಕೆಳಭಾಗದಲ್ಲಿ. ಬೇಟೆಗೆ ಬರೋ ಬಾವಲಿಯ ಕೂಗು ಕೇಳಿ ತಪ್ಪಿಸಿಕೊಳ್ಳೋಕೆ ಅದು ಬೇಕು. ಪ್ರತಿ ಕಿವಿಯೂ ಒಂದು ಪುಟ್ಟ ಪೆಟ್ಟಿಗೆ, ಅದಕ್ಕೆ ಒಂದು ತಮಟೆಯ ಚರ್ಮ. ಒಂದು ಗುಂಪಿನಲ್ಲಿ ಈ ಪೆಟ್ಟಿಗೆ ಮುಚ್ಚಿಕೊಂಡಿರುತ್ತೆ, ತಮಟೆಯ ಚರ್ಮ ಪಕ್ಕದ ಪೊರೆಯ ಜೊತೆ ಸಮತಟ್ಟಾಗಿರುತ್ತೆ. ಇನ್ನೊಂದು ಗುಂಪಿನಲ್ಲಿ ಪೆಟ್ಟಿಗೆ ಮುಂದೆ ತೆರೆದಿರುತ್ತೆ, ಚರ್ಮ ಓರೆಯಾಗಿ ಕೂತಿರುತ್ತೆ, ಎರಡು ಕಿವಿಗಳ ಹತ್ತಿರ ಒಂದು ಪುಟ್ಟ ಹಾಲೆಯೂ ಇರುತ್ತೆ. ಮೊದಲ ಗುಂಪು ಪೈರಾಲಿಡೇ, ಸುಮಾರು 6,000 ಪ್ರಭೇದ. ಎರಡನೆಯದು ಕ್ರಾಂಬಿಡೇ, ಸುಮಾರು 10,000. ಆಮೇಲೆ ಬಂದ ಡಿಎನ್ಎ ಹೋಲಿಕೆಯೂ ಈ ಎರಡು ಕುಟುಂಬಗಳನ್ನ ಎತ್ತಿ ಹಿಡಿಯಿತು.

ಈ ಕಿವಿ ಎಷ್ಟು ಚುರುಕು ಅಂದರೆ, ಮನುಷ್ಯರಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತೆ. ಜೇನುಮೇಣದ ಪತಂಗ 300 ಕಿಲೋಹರ್ಟ್ಸ್ ಶಬ್ದಕ್ಕೂ ಸ್ಪಂದಿಸುತ್ತೆ ಅಂತ 2013ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಗಳು ತೋರಿಸಿದರು.

ಯಾರು ಯಾವ ಮನೆಯವರು?

ಪೈರಾಲಿಡೇ ಕುಟುಂಬದಲ್ಲಿ ಐದು ಉಪಕುಟುಂಬ. ಅಕ್ಕಿ ಪತಂಗ ಮತ್ತು ಜೇನುಮೇಣದ ಪತಂಗ ಒಂದೇ ಉಪಕುಟುಂಬದ ಅಣ್ಣತಮ್ಮಂದಿರು. ಹಿಟ್ಟಿನ ಪತಂಗ ಇನ್ನೊಂದು ಉಪಕುಟುಂಬ. ಮತ್ತೊಂದು ಬಹುಪಾಲು ಅಮೆರಿಕ ಖಂಡಗಳ ಉಷ್ಣ ಪ್ರದೇಶದ್ದು. ಅದರಲ್ಲೊಂದು ಸ್ಲಾತ್ ಅನ್ನೋ ಮರವಾಸಿ ಪ್ರಾಣಿಯ ಕೂದಲಲ್ಲೇ ಬದುಕುತ್ತೆ, ಸ್ಲಾತ್ ಲದ್ದಿ ಹಾಕೋಕೆ ನೆಲಕ್ಕೆ ಇಳಿದಾಗ ಅಲ್ಲಿ ಮೊಟ್ಟೆ ಇಡುತ್ತೆ.

ನಮ್ಮ ಹೊಲಗದ್ದೆಯ ಹುಳುಗಳು ಬಹುತೇಕ ಕ್ರಾಂಬಿಡೇ. ಭತ್ತದ ಹಳದಿ ಕಾಂಡ ಕೊರಕ, ಎಲೆ ಸುರುಳಿ ಹುಳು, ಜೋಳದ ಕಾಂಡ ಕೊರಕ, ಬದನೆ ಕಾಯಿ ಕೊರಕ ಎಲ್ಲ ಇಲ್ಲಿಯವು. ಇದರಲ್ಲೇ ನೀರಲ್ಲಿ ಬದುಕೋ ಒಂದು ಉಪಕುಟುಂಬವೂ ಇದೆ. ನಿಂತ ನೀರಿನ ಗದ್ದೆಯಲ್ಲಿ ಭತ್ತದ ಎಲೆ ಕತ್ತರಿಸಿ, ಸುತ್ತಿ ಕೊಳವೆ ಮಾಡಿಕೊಂಡು ತೇಲೋ ಕೊಳವೆ ಹುಳುವಿನ ಮೈಮೇಲೆ ಕಿವಿರುಗಳಿರುತ್ತವೆ. ಮೀನಿಗಿದ್ದ ಹಾಗೆ ಉಸಿರಾಟಕ್ಕೆ.

ಯಾವ ಊರಲ್ಲಿ ಯಾವುದು?

ಹರಡುವಿಕೆಯಲ್ಲಿ ಮೂರು ರೀತಿ ಕಾಣುತ್ತೆ. ಮೊದಲನೆಯದು, ಬೆಳೆ ಇದ್ದಲ್ಲಿ ಹುಳು. ಹಳದಿ ಕಾಂಡ ಕೊರಕ ಭತ್ತದ ಏಷ್ಯಾ ಪೂರ್ತಿ ಇದೆ, ಭಾರತದಿಂದ ಜಪಾನಿನವರೆಗೆ.

ಎರಡನೆಯದು, ಗೋದಾಮಿನ ಹುಳುಗಳು. ಧಾನ್ಯದ ಮೂಟೆ ಜೊತೆ ಹಡಗು ಹತ್ತಿ ಎಲ್ಲ ಖಂಡಕ್ಕೂ ಹೋಗಿವೆ. ಇವುಗಳಲ್ಲಿ ‘ಇಂಡಿಯನ್ ಮೀಲ್ ಮಾತ್’ ಅಂತ ಒಂದಿದೆ. ಹೆಸರು ನೋಡಿ ನಮ್ಮ ದೇಶದ್ದು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಇಂಡಿಯನ್ ಮೀಲ್ ಅಂತಿದ್ದರು, ಹೆಸರು ಅಲ್ಲಿಂದ ಬಂತು.

ಮೂರನೆಯದು, ಮನುಷ್ಯ ಬೇಕಂತಲೇ ಒಯ್ದಿದ್ದು. ಆಸ್ಟ್ರೇಲಿಯಾದಲ್ಲಿ ಪಾಪಾಸುಕಳ್ಳಿ ಲಕ್ಷಾಂತರ ಎಕರೆ ನುಂಗಿತ್ತು. 1925ರಲ್ಲಿ ಅರ್ಜೆಂಟೀನಾದಿಂದ ಕ್ಯಾಕ್ಟೋಬ್ಲಾಸ್ಟಿಸ್ ಅನ್ನೋ ಮೂತಿ ಪತಂಗದ ಮೊಟ್ಟೆ ತರಿಸಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿ ಕುಸಿದು ಬಿತ್ತು. ಕ್ವೀನ್ಸ್‌ಲ್ಯಾಂಡಿನ ರೈತರು ಈ ಹುಳುವಿನ ಹೆಸರಲ್ಲಿ ಒಂದು ಸ್ಮಾರಕ ಭವನ ಕಟ್ಟಿದ್ದಾರೆ. ಆದರೆ ಇದೇ ಪತಂಗವನ್ನ 1957ರಲ್ಲಿ ಕೆರಿಬಿಯನ್ ದ್ವೀಪಗಳಿಗೂ ಒಯ್ದರು. 1989ರಲ್ಲಿ ಅದು ಅಮೆರಿಕದ ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದೇ ಕಳ್ಳಿಗಳು ನೆಲದ ಸ್ವಂತ ಗಿಡಗಳು, ಪಕ್ಕದ ಮೆಕ್ಸಿಕೋದಲ್ಲಿ ಜನರ ಊಟವೂ ಹೌದು. ಒಂದೇ ಹುಳು, ಒಂದು ಕಡೆ ಸ್ಮಾರಕ, ಇನ್ನೊಂದು ಕಡೆ ಕ್ವಾರಂಟೈನ್.

ಏಲಕ್ಕಿ ಹುಳು ಮತ್ತು ಹರಳು ಹುಳು

ಈಗ ಮುಖ್ಯ ವಿಷಯ. ಹೆಸರು ತಪ್ಪಾದರೆ ಏನಾಗುತ್ತೆ?

ಹಳದಿ ರೆಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ. ಈ ಪತಂಗಕ್ಕೆ ಕೊನೊಗೆಥೆಸ್ ಪಂಕ್ಟಿಫೆರಾಲಿಸ್ ಅಂತ ಹೆಸರು. ಭಾರತದಿಂದ ಆಸ್ಟ್ರೇಲಿಯಾದವರೆಗೆ ಸಿಗುತ್ತೆ, ಹರಳು, ಪೀಚ್, ಪೇರಳೆ ಹೀಗೆ ಹತ್ತಾರು ಗಿಡ ತಿನ್ನುತ್ತೆ ಅಂತ ಪುಸ್ತಕಗಳು ಹೇಳುತ್ತಿದ್ದವು. ಮಲೆನಾಡಿನಲ್ಲಿ ಏಲಕ್ಕಿಯ ಕಾಂಡ, ಹೂಗೊಂಚಲು, ಕಾಯಿ ಕೊರೆಯೋದನ್ನೂ ಇದೇ ಹೆಸರಿನಿಂದ ಕರೀತಿದ್ದರು. ಕಾಂಡದ ತೂತಿನಿಂದ ಹಿಕ್ಕೆ ಹೊರಗೆ ಬಿದ್ದಿರುತ್ತೆ, ನಡುವಿನ ಸುಳಿ ಒಣಗುತ್ತೆ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹರಳು ತಿನ್ನೋದು ಮತ್ತು ಏಲಕ್ಕಿ ತಿನ್ನೋದು ನಿಜಕ್ಕೂ ಒಂದೇನಾ ಅನ್ನೋ ಅನುಮಾನ ನಮ್ಮ ಕೀಟ ವಿಜ್ಞಾನಿಗಳಿಗೆ ಇತ್ತು. ದೇಹರಚನೆ, ಡಿಎನ್ಎ ಎರಡನ್ನೂ ಹೋಲಿಸಿ ನೋಡಿದಾಗ ಏಲಕ್ಕಿಯದು ಬೇರೆಯೇ ಪ್ರಭೇದ ಅಂತ ಗೊತ್ತಾಯಿತು. 2018ರಲ್ಲಿ ಅದಕ್ಕೆ ಕೊನೊಗೆಥೆಸ್ ಸಹ್ಯಾದ್ರಿಯೆನ್ಸಿಸ್ ಅಂತ ಹೆಸರಿಟ್ಟರು, ನಮ್ಮ ಸಹ್ಯಾದ್ರಿಯ ಹೆಸರು. ಜಪಾನಿನಲ್ಲೂ ಹೀಗೇ ಆಗಿತ್ತು. ಹಣ್ಣು ತಿನ್ನೋದು, ಪೈನ್ ಜಾತಿಯ ಮರ ತಿನ್ನೋದು ಒಂದೇ ಅಂದುಕೊಂಡಿದ್ದವರು 2006ರಲ್ಲಿ ಎರಡು ಮಾಡಿದರು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇಬ್ಬರು ಯೂಸರ್‌ಗಳಿಗೆ ಒಂದೇ ಐಡಿ ಕೊಟ್ಟಿದ್ದ ಹಾಗೆ. ಒಬ್ಬರ ಲಾಗ್ ಇನ್ನೊಬ್ಬರ ಲಾಗಿಗೆ ಸೇರಿಹೋಗಿರುತ್ತೆ, ಯಾವ ಕ್ವೆರಿ ಹಾಕಿದರೂ ಬರೋ ಉತ್ತರ ಕಲಬೆರಕೆ.

ತೋಟದಲ್ಲಿ ಇದರ ಪರಿಣಾಮ ನೋಡಿ. ಎರಡೂ ಒಂದೇ ಹುಳು ಆಗಿದ್ದರೆ, ಏಲಕ್ಕಿ ಪಕ್ಕ ಹರಳು ನೆಟ್ಟು ಹುಳುವನ್ನ ಅಲ್ಲಿಗೆ ಸೆಳೆಯಬಹುದು. ಬೇರೆ ಬೇರೆ ಆಗಿದ್ದರೆ ಆ ಹರಳು ಗಿಡದಿಂದ ಪ್ರಯೋಜನ ಇಲ್ಲ. ಮೋಹಕ ಬಲೆಯೂ ಹಾಗೇ. ಹೆಣ್ಣು ಪತಂಗ ಗಂಡನ್ನ ಕರೆಯೋ ವಾಸನೆ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತೆ. ಒಂದರ ವಾಸನೆ ಹಾಕಿದ ಬಲೆಗೆ ಇನ್ನೊಂದು ಬರದೇ ಇರಬಹುದು. ಬಲೆ ಖಾಲಿ ಇದೆ, ಹುಳು ಇಲ್ಲ ಅಂತ ರೈತ ನಿಶ್ಚಿಂತೆಯಾಗಿರುತ್ತಾನೆ, ಒಳಗೆ ಕಾಂಡ ಟೊಳ್ಳಾಗುತ್ತಿರುತ್ತೆ.

ಬದನೆ ಕಾಯಿ ಕೊರಕದ ಕಥೆ ಇನ್ನೂ ದೊಡ್ಡದು. ಲ್ಯೂಸಿನೋಡೆಸ್ ಆರ್ಬೊನಾಲಿಸ್ ಆಫ್ರಿಕಾದಲ್ಲೂ ಇದೆ ಅಂತ ದಶಕಗಟ್ಟಲೆ ಬರೆದಿದ್ದರು. ಆಫ್ರಿಕಾದಿಂದ ಯುರೋಪಿಗೆ ಹೋಗುವ ಬದನೆಯಲ್ಲಿ ಸಿಕ್ಕ ಹುಳುಗಳನ್ನೂ ಸೇರಿಸಿ 2015ರಲ್ಲಿ ಮತ್ತೆ ಪರಿಶೀಲಿಸಿದಾಗ, ಅವು ನಮ್ಮ ಏಷ್ಯಾದ ಪ್ರಭೇದವೇ ಅಲ್ಲ, ಅಲ್ಲಿಯವೇ ಆದ ಹಲವು ಬೇರೆ ಪ್ರಭೇದಗಳು ಅಂತ ತಿಳಿಯಿತು. ಅಂದರೆ ಏಷ್ಯಾದ ಹುಳು ಅಲ್ಲಿಗೆ ಹೊಸದಾಗಿ ಬಂದರೂ ‘ಇದು ಮೊದಲಿಂದ ಇದ್ದಿದ್ದೇ’ ಅಂತ ಬಿಟ್ಟುಬಿಡೋ ಅಪಾಯ ಇತ್ತು.

ಹುಳುವಿನಿಂದಲೇ ಹುಳುವಿಗೆ ಮದ್ದು

ಬಿಟಿ ಅನ್ನೋ ಶಬ್ದ ಕೇಳಿದ್ದೀರಿ. ಆ ಬ್ಯಾಕ್ಟೀರಿಯಾವನ್ನ 1901ರಲ್ಲಿ ಜಪಾನಿನಲ್ಲಿ ಸತ್ತ ರೇಷ್ಮೆಹುಳುವಿನಲ್ಲಿ ಮೊದಲು ಕಂಡಿದ್ದರು. 1911ರಲ್ಲಿ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಅದನ್ನ ಬೇರ್ಪಡಿಸಿದ್ದು ಹಿಟ್ಟಿನ ಪತಂಗದ ಮರಿಹುಳುವಿನಿಂದ. ಆ ಹುಳು ಬಂದಿದ್ದು ಥುರಿಂಗಿಯಾ ಪ್ರಾಂತ್ಯದ್ದು, ಅದಕ್ಕೇ ಥುರಿಂಜಿಯೆನ್ಸಿಸ್ ಅನ್ನೋ ಹೆಸರು. ನೂರು ವರ್ಷದ ನಂತರ ನಮ್ಮಲ್ಲಿ ಚರ್ಚೆಯಾದ ಬಿಟಿ ಬದನೆಯ ಗುರಿಯೂ ಮೂತಿ ಪತಂಗವೇ. ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟಿತು.

ಇನ್ನೊಂದು ಮದ್ದು ನಮ್ಮ ಅಡುಗೆಮನೆಯ ಅಕ್ಕಿ ಪತಂಗದ್ದೇ. ಇದರ ಮೊಟ್ಟೆ ಒಳಗೆ ಟ್ರೈಕೋಗ್ರಾಮಾ ಅನ್ನೋ ಸೂಜಿಮೊನೆಯಷ್ಟು ಚಿಕ್ಕ ಕಣಜ ಬೆಳೆಯುತ್ತೆ. ಅದಕ್ಕೇ ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗವನ್ನ ಬೇಕಂತಲೇ ಸಾಕ್ತಾರೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ಕೆಲಸಕ್ಕೆ ಹೆಸರಾದ ಜಾಗ. ಮೊಟ್ಟೆ ಅಂಟಿಸಿದ ರಟ್ಟನ್ನ ಟ್ರೈಕೋಕಾರ್ಡ್ ಅಂತಾರೆ. ಕಬ್ಬು, ಭತ್ತದ ಎಲೆಗೆ ಅದನ್ನ ಸಿಕ್ಕಿಸಿದರೆ ಕಣಜಗಳು ಹೊರಬಂದು ಕಾಂಡ ಕೊರಕದ ಮೊಟ್ಟೆಗಳನ್ನ ಹುಡುಕಿ ನಾಶ ಮಾಡುತ್ತವೆ.

ನಾವು ಮಾಡಬಹುದಾದ್ದು

ಡಬ್ಬಿಯ ವಿಷಯ ಸುಲಭ. ಹೊಸ ಅಕ್ಕಿ, ರವೆಯನ್ನ ನಾಲ್ಕೈದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಜಾಗ ಇಲ್ಲದಿದ್ದರೆ ಅಜ್ಜಿ ಮಾಡ್ತಿದ್ದ ಹಾಗೆ ಬಿಸಿಲಿಗೆ ಹರವಿ. ಹಳೇ ಡಬ್ಬಿಯ ಮೂಲೆಯಲ್ಲಿರೋ ನೂಲು, ಗೂಡು ತೊಳೆದು ಒರೆಸದೆ ಹೊಸದನ್ನ ಸುರಿಯಬೇಡಿ.

ಊರಿಂದ ಅಪ್ಪನೋ ಅಣ್ಣನೋ ವಾಟ್ಸಾಪಿನಲ್ಲಿ ಹುಳುವಿನ ಫೋಟೋ ಕಳಿಸಿ ‘ಇದಕ್ಕೆ ಯಾವ ಔಷಧಿ ಹೊಡೀಲಿ’ ಅಂದರೆ, ಗೂಗಲ್ ಲೆನ್ಸ್ ಹೇಳಿದ ಹೆಸರು ನೋಡಿ ಔಷಧಿ ಹೇಳಬೇಡಿ. ಮೇಲೆ ಹೇಳಿದ ಎರಡು ಹಳದಿ ಪತಂಗಗಳು ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಯಾವ ಗಿಡ, ಗಿಡದ ಯಾವ ಭಾಗ, ಯಾವ ತಿಂಗಳು ಅಂತ ಬರೆದಿಟ್ಟು, ಹುಳು ಇರೋ ಕಾಂಡದ ತುಂಡನ್ನೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯೋಕೆ ಹೇಳಿ.

ಮಳೆಗಾಲದ ರಾತ್ರಿ ನಿಮ್ಮ ಬಾಲ್ಕನಿ ಲೈಟಿಗೆ ಬರೋ ಪತಂಗಗಳ ಫೋಟೋ ತೆಗೆದು, ದಿನಾಂಕ, ಜಾಗದ ಸಮೇತ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲಿಗೆ ಹಾಕಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಗೊತ್ತಿರೋರು ಆಮೇಲೆ ಹೇಳ್ತಾರೆ. ಯಾವ ಪ್ರಭೇದ ಎಲ್ಲಿದೆ ಅನ್ನೋ ನಕ್ಷೆಯಲ್ಲಿ ಹಿಂಜೇವಾಡಿಯದೋ ಗಚ್ಚಿಬೌಲಿಯದೋ ಒಂದು ಚುಕ್ಕೆ ಹಾಗೆ ಸೇರುತ್ತೆ.