ಹದಿನೆಂಟು ವರ್ಷ ಕಾದ ವಠಾರ

ಲಂಡನ್ನಿನ ಉತ್ತರದ ಅಂಚಿನಲ್ಲಿ, ಹೈ ಬಾರ್ನೆಟ್‌ನಲ್ಲಿ, ‘ನ್ಯೂ ಗ್ರೌಂಡ್’ ಎಂಬ ಇಟ್ಟಿಗೆಯ ಕಟ್ಟಡವಿದೆ. 25 ಮನೆ, ಎಲ್ಲರಿಗೂ ಸೇರಿ ಒಂದು ತೋಟ. ಇರುವವರೆಲ್ಲ ಐವತ್ತು ದಾಟಿದ ಹೆಂಗಸರು. ಗಂಡಸರು ನೆಂಟರಾಗಿ ಬಂದು ಹೋಗಬಹುದು, ಬಿಡಾರ ಹೂಡುವಂತಿಲ್ಲ. ಕೇಳಿದವರೆಲ್ಲ ಮೊದಲು ಹುಬ್ಬೇರಿಸುವುದು ಈ ಸಂಗತಿಗೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ: ಈ ಮನೆಗಳಿಗಾಗಿ ಅವರು 18 ವರ್ಷ ಕಾದರು.

ನೆದರ್ಲೆಂಡ್ಸ್‌ನಲ್ಲಿ ಹಿರಿಯರು ತಾವೇ ಗುಂಪು ಕಟ್ಟಿಕೊಂಡು ಅಕ್ಕಪಕ್ಕ ಬದುಕುವುದನ್ನು ಸಂಶೋಧಕಿ ಮಾರಿಯಾ ಬ್ರೆಂಟನ್ 1998ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ವಿವರಿಸಿದರು. ಕೇಳಿದ ಕೆಲವು ಹೆಂಗಸರು ನಮಗೂ ಇದೇ ಬೇಕೆಂದು ಹಟ ಹಿಡಿದರು. ಜಾಗಕ್ಕಾಗಿ ಅಲೆದದ್ದೇ ಅಲೆದದ್ದು. ಸ್ಥಳೀಯ ಆಡಳಿತಕ್ಕೋ ಅಳುಕು: ಊರೂರಿನ ಮುದುಕಿಯರು ಬಂದು ನೆಲೆಸಿದರೆ ಆರೈಕೆಯ ಖರ್ಚು ಯಾರ ತಲೆಗೆ? ಕೊನೆಗೆ ಹ್ಯಾನೋವರ್ ಎಂಬ ವಸತಿ ಸಂಸ್ಥೆ ಹಳೆಯ ಶಾಲೆಯೊಂದರ ಜಾಗದಲ್ಲಿ ಕಟ್ಟಿಸಿಕೊಟ್ಟಿತು. 2016ರ ಕೊನೆಗೆ ಹಾಲುಕ್ಕಿತು, ಅಥವಾ ಅಲ್ಲಿ ಏನು ಉಕ್ಕಬೇಕೋ ಅದು. 17 ಮನೆ ಕೊಂಡವರಿಗೆ, 8 ಕೊಳ್ಳಲಾಗದವರಿಗೆ ಕಡಿಮೆ ಬಾಡಿಗೆಗೆ.

ಇದು ವೃದ್ಧಾಶ್ರಮವಲ್ಲ. ವಾರ್ಡನ್ ಇಲ್ಲ, ಊಟದ ಗಂಟೆ ಇಲ್ಲ. ಪ್ರತಿ ಮನೆಗೂ ಅದರದೇ ಅಡುಗೆಮನೆ, ಅದರದೇ ಚಿಲಕ. ಬಟ್ಟೆ ಒಗೆಯುವ ಕೋಣೆ, ಅತಿಥಿಗಳ ಕೋಣೆ, ಕೂಡಿ ಉಣ್ಣುವ ದೊಡ್ಡ ಕೋಣೆ ಮಾತ್ರ ಎಲ್ಲರವು. ತೋಟ, ಲೆಕ್ಕಪತ್ರ, ಜಗಳ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಕಾಯಿಲೆ ಬಿದ್ದಾಗ ವಿಚಾರಿಸಲು ಇಂಥವರೆಂದು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಗಂಜಿ ತಂದುಕೊಡುವುದು ಸರಿ, ಹಾಸಿಗೆ ಹಿಡಿದವರ ಸೇವೆ ನೆರೆಯವರ ಪಾಲಿನದಲ್ಲ.

ಮೈಸೂರು, ಬೆಂಗಳೂರಿನ ವಠಾರಗಳಲ್ಲಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣದು. ಅಜ್ಜಿಯ ಬಾಗಿಲಲ್ಲಿ ಬೆಳಗ್ಗೆ ರಂಗೋಲಿ ಬೀಳದಿದ್ದರೆ ಎದುರು ಮನೆಯವರು ಬಂದು ಕದ ತಟ್ಟುತ್ತಿದ್ದರು. ಆದರೆ ವಠಾರದಲ್ಲಿ ನೆರೆಯವರನ್ನು ಆರಿಸುತ್ತಿದ್ದವನು ಮಾಲೀಕ. ಒಂದೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತು ಹೊಂದಿಕೊಳ್ಳದೆ ಗತಿಯಿರಲಿಲ್ಲ. ಈಗ ನಮ್ಮಲ್ಲಿ ಹಿರಿಯರಿಗೆಂದೇ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ನರ್ಸ್, ಲಿಫ್ಟ್, ಕರೆಗಂಟೆ ಎಲ್ಲ ಇರುತ್ತವೆ. ಪಕ್ಕದ ಮನೆಯವರು ಯಾರೆಂದು ತಿಳಿಯುವುದು ಹಣ ಕಟ್ಟಿದ ಮೇಲೆ.

ನ್ಯೂ ಗ್ರೌಂಡ್‌ನಲ್ಲಿ ಕ್ರಮ ತಿರುಗುಮುರುಗು. ಮನೆ ಬೇಕೆನ್ನುವವರು ಹೊರಗಿದ್ದುಕೊಂಡೇ ಮೊದಲು ಸದಸ್ಯರಾಗಬೇಕು. ಸಭೆಗೆ ಬರಬೇಕು, ಕೆಲಸಕ್ಕೆ ಕೈ ಹಚ್ಚಬೇಕು, ಒಟ್ಟಿಗೆ ಕೂತು ಉಣ್ಣಬೇಕು. ಮನೆ ಖಾಲಿಯಾಗುವ ಹೊತ್ತಿಗೆ ಬರುವವಳು ಹೊಸಬಳಾಗಿ ಉಳಿದಿರುವುದಿಲ್ಲ.