ಕಡುಬಿನ ಲೆಕ್ಕ

ಮುಂಬಯಿಯ ಮಕ್ಕಳ ಮರಾಠಿ ಗಣಿತ ಪುಸ್ತಕದಲ್ಲಿ ‘ಅವಯವ’ ಎಂದಿರುವುದನ್ನೇ ನಾವು ಕನ್ನಡದಲ್ಲಿ ಅಪವರ್ತನವೆನ್ನುತ್ತೇವೆ. ಹೆಸರಿಗೆ ಹೆದರಬೇಕಾಗಿಲ್ಲ, ತಾಯಂದಿರು ಇದನ್ನು ಅಡಿಗೆಮನೆಯಲ್ಲಿಯೇ ಕಲಿಸಬಹುದು.

ಚೌತಿಯಂದು ಗಿರಗಾಂವದ ಚಾಳಿನಲ್ಲಿ 6 ಮನೆಗಳಿಗೆ ಕಡುಬು ಹಂಚುವೆವೆನ್ನಿ. ಮನೆಯೊಂದಕ್ಕೆ ‘ಅ’ ಕಡುಬು, ಆ ಮನೆಯ ಮಗುವಿಗೆಂದು ಬೇರೆ 1. ಒಟ್ಟು 6ಅ + 6. ಎರಡು ಪದಗಳಲ್ಲಿಯೂ 6 ಇದೆ. ಅದನ್ನು ಹೊರಗೆ ತೆಗೆದು, ಪ್ರತಿ ಪದವನ್ನೂ 6ರಿಂದ ಭಾಗಿಸಿ, ಬಂದುದನ್ನು ಆವರಣದೊಳಗೆ ಬರೆಯಬೇಕು: 6(ಅ + 1).

ಮಕ್ಕಳು ಎಡವುವುದು ಇಲ್ಲಿಯೇ. 6 ಹೊರಬಂದ ಮೇಲೆ ಏನೂ ಉಳಿಯದೆಂದು ಬರಿಯ 6ಅ ಬರೆದುಬಿಡುತ್ತಾರೆ. 6ನ್ನು 6ರಿಂದ ಭಾಗಿಸಿದರೆ ಬರುವುದು 1, ಸೊನ್ನೆಯಲ್ಲ. ಆ ಒಂದನ್ನು ಮರೆತರೆ ಆರು ಮಕ್ಕಳ ಪಾಲೂ ಹೋಯಿತು! ಆವರಣವನ್ನು ತಿರುಗಿ ಗುಣಿಸಿ ನೋಡಿದರೆ ತಪ್ಪು ಒಡನೆ ಸಿಕ್ಕುವುದು.