ತಲೆಕೆಳಗಾದ ಗೋಪುರ, ನೆಟ್ಟಗಿನ ನೋಟ

ಹಂಪಿಯ ವಿರೂಪಾಕ್ಷನ ದರ್ಶನ ಮುಗಿಸಿದವರು ಹಾಗೇ ಹೊರಗೆ ಬರುವುದಿಲ್ಲ. ಗರ್ಭಗುಡಿಯ ಹಿಂಬದಿಗೆ ಹೋಗಿ, ಮೆಟ್ಟಿಲು ಹತ್ತಿ ಒಂದು ಕತ್ತಲ ಕೋಣೆಗೆ ಇಣುಕುತ್ತಾರೆ. ಪೂರ್ವದ ಗೋಡೆಯಲ್ಲೊಂದು ಸಣ್ಣ ಕಿಂಡಿ. ಎದುರು ಗೋಡೆಯ ಮೇಲೆ ಬಿಷ್ಟಪ್ಪಯ್ಯನ ಗೋಪುರ ಮೂಡಿರುತ್ತದೆ, ಕಳಸ ಕೆಳಗೆ, ಬುಡ ಮೇಲೆ. ಹೊರಗೆ ಒಂಬತ್ತು ಅಂತಸ್ತಾಗಿ ಸುಮಾರು 50 ಮೀಟರ್ ಎತ್ತರಕ್ಕೆ ನಿಂತ ಗೋಪುರ ಇಲ್ಲಿ ತೂಗುಹಾಕಿದಂತೆ ಕಾಣುತ್ತದೆ. ಮಕ್ಕಳು ತಲೆ ಬಗ್ಗಿಸಿ, ಕಾಲಿನ ನಡುವಿನಿಂದ ನೋಡಿ ಅದನ್ನು ನೆಟ್ಟಗೆ ಮಾಡಿಕೊಳ್ಳುವುದುಂಟು.

ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ. ಗೋಪುರದ ತುದಿಯಿಂದ ಹೊರಟದ್ದು ಕಿಂಡಿ ದಾಟಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ವಿಜಯನಗರ ಹುಟ್ಟುವ ಮುನ್ನೂರು ವರ್ಷ ಮೊದಲೇ, 11ನೇ ಶತಮಾನದಲ್ಲಿ, ಕೈರೋದಲ್ಲಿದ್ದ ಇಬ್ನ್ ಅಲ್ ಹೈಥಮ್ ಕತ್ತಲ ಕೋಣೆ ಮತ್ತು ಕಿಂಡಿಯ ಬೆಳಕನ್ನು ಪರೀಕ್ಷೆ ಮಾಡಿ ಬರೆದಿದ್ದ.

ವಿರೂಪಾಕ್ಷ ಗುಡಿಯ ಈ ಕೋಣೆಯಂಥವೇ ಎರಡು ಪ್ರತಿಯೊಬ್ಬರ ಮುಖದಲ್ಲೂ ಇವೆ. ಕಣ್ಣಿನ ಪಾಪೆಯೇ ಕಿಂಡಿ, ಹಿಂದಿನ ಅಕ್ಷಿಪಟಲವೇ ಗೋಡೆ. ನಡುವೆ ಮಸೂರವೊಂದು ಇರುವುದರಿಂದ ಬಿಂಬ ಇನ್ನಷ್ಟು ಸ್ಪಷ್ಟ, ಆದರೆ ಅದೂ ತಲೆಕೆಳಗೇ. 1604ರಲ್ಲಿ ಯೊಹಾನೆಸ್ ಕೆಪ್ಲರ್ ಇದನ್ನು ಲೆಕ್ಕ ಹಾಕಿ ತೋರಿಸಿದ. ಆ ಬಿಂಬ ನೆಟ್ಟಗಾಗುವುದು ಹೇಗೆಂಬ ಪ್ರಶ್ನೆಯನ್ನು ಮಾತ್ರ ಮುಂದಿನವರಿಗೆ ಬಿಟ್ಟುಕೊಟ್ಟ.

ಮುಂದಿನವರಲ್ಲಿ ಅತ್ಯಂತ ಹಟಮಾರಿ ಎಂದರೆ ಕ್ಯಾಲಿಫೋರ್ನಿಯಾದ ಜಾರ್ಜ್ ಸ್ಟ್ರಾಟನ್. 1890ರ ದಶಕದಲ್ಲಿ ಈತ ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಲೋಕವನ್ನು ತಿರುಗುಮುರುಗು ಮಾಡುವ ಮಸೂರ ಕಟ್ಟಿಕೊಂಡು ಓಡಾಡಿದ. ಎರಡನೆಯ ಪ್ರಯೋಗ ಎಂಟು ದಿನ ನಡೆಯಿತು. ಮೊದಮೊದಲು ಕೈ ಒಂದು ಕಡೆ ಚಾಚಿದರೆ ವಸ್ತು ಇನ್ನೊಂದು ಕಡೆ ಇರುತ್ತಿತ್ತು. ದಿನ ಕಳೆದಂತೆ ತಡವರಿಕೆ ಕಡಿಮೆಯಾಯಿತು. ಕೊನೆಕೊನೆಗೆ, ನಡೆದಾಡುತ್ತ ಕೆಲಸ ಮಾಡುತ್ತಿರುವಾಗ, ಕೆಲವೊಮ್ಮೆ ಎಲ್ಲವೂ ಸರಿಯಾಗಿಯೇ ಇದ್ದಂತೆ ಅನ್ನಿಸುತ್ತಿತ್ತು.

ಇಲ್ಲೇ ಗುಟ್ಟು ಇರುವುದು. ತಲೆಯೊಳಗೆ ಕೂತು ಅಕ್ಷಿಪಟಲದ ಚಿತ್ರವನ್ನು ನೋಡುವ ಇನ್ನೊಬ್ಬ ಮನುಷ್ಯನಿಲ್ಲ. ಹಾಗಾಗಿ ಚಿತ್ರವನ್ನು ತಿರುಗಿಸಿ ಇಡಬೇಕಾದ ಅಗತ್ಯವೂ ಇಲ್ಲ. ಬೆಳಕು ಅಕ್ಷಿಪಟಲ ಮುಟ್ಟಿದ ಕೂಡಲೇ ಅದು ನರದ ಮಿಡಿತವಾಗುತ್ತದೆ. ಬೆಳಕು ಹಿಡಿಯುವ ಕೋಶಗಳು ಪ್ರತಿ ಕಣ್ಣಿನಲ್ಲೂ ಹನ್ನೆರಡು ಕೋಟಿಯಷ್ಟಿದ್ದರೆ, ಮಿದುಳಿಗೆ ಸುದ್ದಿ ಒಯ್ಯುವ ಎಳೆಗಳು ಸುಮಾರು ಹತ್ತು ಲಕ್ಷ ಮಾತ್ರ. ಮಿದುಳು ಆ ಸುದ್ದಿಯನ್ನು ಕೈಯ ಸ್ಪರ್ಶ, ಕಾಲಿನ ನಡಿಗೆ, ಕಿವಿಯೊಳಗಿನ ಸಮತೋಲನದೊಂದಿಗೆ ಹೊಂದಿಸುತ್ತದೆ. ಹೀಗೆ ಹೊಂದಿಕೆಯಾದಾಗಲೇ ‘ಮೇಲೆ’, ‘ಕೆಳಗೆ’ ಎಂಬುದು ಹುಟ್ಟುವುದು.

ಈ ಹೊಂದಿಕೆ ಹುಟ್ಟಿನಿಂದಲೇ ಬಂದದ್ದೋ, ಕಲಿತದ್ದೋ? ಹುಟ್ಟು ಕುರುಡನೊಬ್ಬನಿಗೆ ದೃಷ್ಟಿ ಬಂದರೆ, ಮುಟ್ಟಿ ಗೊತ್ತಿದ್ದ ಗೋಲವನ್ನೂ ಘನವನ್ನೂ ಬರೀ ನೋಡಿ ಗುರುತಿಸುವನೇ ಎಂದು 1688ರಲ್ಲಿ ವಿಲಿಯಂ ಮಾಲಿನೊ ಎಂಬಾತ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಪತ್ರ ಬರೆದು ಕೇಳಿದ್ದ. ಉತ್ತರ ಸಿಕ್ಕಿದ್ದು ನಮ್ಮ ದೇಶದ ಮಕ್ಕಳಿಂದ. ಪವನ್ ಸಿನ್ಹಾ ಕಟ್ಟಿದ ‘ಪ್ರಕಾಶ್’ ಯೋಜನೆ, ದೃಷ್ಟಿಯಿಲ್ಲದೆ ಬೆಳೆದ ಬಡ ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದ ಐದು ಮಕ್ಕಳು, ಕಟ್ಟು ಬಿಚ್ಚಿದ ಹೊಸತರಲ್ಲಿ, ಕೈಯಲ್ಲಿ ಹಿಡಿದು ಬಲ್ಲ ಆಟಿಕೆಯನ್ನು ಕಣ್ಣಿನಿಂದ ಗುರುತಿಸಲಾರದೆ ಹೋದರು. ಕೆಲವೇ ದಿನಗಳಲ್ಲಿ ಕಲಿತುಕೊಂಡರು. ಕಲಿಯುವ ಕಾಲ ಮೀರಿತೆಂದು ಇಂಥ ಮಕ್ಕಳನ್ನು ಕೈಬಿಡುವುದು ಎಷ್ಟು ದೊಡ್ಡ ಅನ್ಯಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮತ್ತೆ ಹಂಪಿಗೇ ಬರೋಣ. ತೇರುಬೀದಿಯಲ್ಲಿ ನಿಂತು ಗೋಪುರ ನೋಡುವವರಿಗೆ ಅದು ಒಮ್ಮೆಲೇ ಪೂರ್ತಿ ಕಂಡಂತೆ ಅನ್ನಿಸುತ್ತದೆ. ನಿಜಕ್ಕೂ ನಿಚ್ಚಳವಾಗಿ ಕಾಣುವುದು, ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗ. ಕಣ್ಣು ಸೆಕೆಂಡಿಗೆ ಮೂರು ಸಲ ಜಿಗಿಯುತ್ತ ತುಣುಕು ತುಣುಕಾಗಿ ಆಯ್ದು ತರುತ್ತದೆ, ಗೋಪುರವನ್ನು ಕಟ್ಟುವ ಕೆಲಸ ಮಿದುಳಿನದು. ವಿಠ್ಠಲ ಗುಡಿಯ ಕಲ್ಲಿನ ರಥವನ್ನೇ ನೋಡಿ. 50 ರೂಪಾಯಿ ನೋಟಿನ ಮೇಲೂ ಇರುವ ಇದನ್ನು ಒಂದೇ ಬಂಡೆಯಲ್ಲಿ ಕಡೆದದ್ದೆಂದು ನಂಬಿದವರೇ ಹೆಚ್ಚು. ಅದು ಹಲವು ಕಲ್ಲುಗಳನ್ನು ಜೋಡಿಸಿದ ಗುಡಿ. ಬೆಸುಗೆಯ ಗೆರೆಗಳನ್ನು ಶಿಲ್ಪಿಗಳು ಕೆತ್ತನೆಯ ಅಂಚಿನಲ್ಲಿ ಅಡಗಿಸಿದರು, ಉಳಿದ ಗೆರೆಗಳನ್ನು ನೋಡುವವರ ಮಿದುಳು ತಾನೇ ಅಳಿಸಿಹಾಕುತ್ತದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೊದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೂ ಇದೆ. ಇವತ್ತು ಅದಿಲ್ಲ, ಆದರೂ ರಥ ಅರೆಬರೆಯಾಗಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಇದಕ್ಕಿಂತ ಸುಲಭದ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಹಂಪಿಯ ಬಂಡೆಗಳ ಮೇಲೆ ಸಾಲುಸಾಲಾಗಿ ಆಯತಾಕಾರದ ತೂತುಗಳಿವೆ. ಕಲ್ಲು ಸೀಳಲು ಅಂದಿನ ಕೆಲಸಗಾರರು ಕೊರೆದವು. ನೆತ್ತಿಯ ಕಡೆಯಿಂದ ಬಿಸಿಲು ಬೀಳುವ ನಿಲುವಾದ ಬಂಡೆಯೊಂದನ್ನು ಮೊಬೈಲಿನಲ್ಲಿ ಸೆರೆಹಿಡಿದು, ಚಿತ್ರವನ್ನು ಬುಡಮೇಲು ಮಾಡಿ ನೋಡಿ. ಎಷ್ಟೋ ಸಲ ತೂತುಗಳು ಕಲ್ಲಿನಿಂದ ಉಬ್ಬಿ ಬಂದ ಗುಬುಟುಗಳಾಗಿ ಕಾಣುತ್ತವೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದು ಮಿದುಳು ಎಣಿಸಿಕೊಂಡಿದೆ. ಮೇಲಂಚು ಕಪ್ಪಾಗಿದ್ದರೆ ಗುಳಿ, ಕೆಳಅಂಚು ಕಪ್ಪಾಗಿದ್ದರೆ ಉಬ್ಬು. ಚೆನ್ನೈನಲ್ಲಿ ವೈದ್ಯಕೀಯ ಓದಿದ ವಿ. ಎಸ್. ರಾಮಚಂದ್ರನ್ 1988ರಲ್ಲಿ ನೆರಳು-ಬೆಳಕಿನ ಬಿಲ್ಲೆಗಳನ್ನು ತೋರಿಸಿ ಈ ಎಣಿಕೆಯನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಸ್ವತಃ ಬೆರಳಿಟ್ಟು ನೋಡಿದ ತೂತಾದರೂ ಚಿತ್ರದಲ್ಲಿ ಉಬ್ಬೇ.

ಬೆಳಗಿನ ಜಾವ ಮಾತಂಗ ಪರ್ವತ ಹತ್ತುವವರಿಗೂ ಇಂಥದೇ ಅನುಭವ. ಬಂಡೆಗುಡ್ಡಗಳ ಅಂಚಿನಿಂದ ಏಳುವ ಸೂರ್ಯ ನಡುಹಗಲಿನವನಿಗಿಂತ ಬಹಳ ದೊಡ್ಡವನಾಗಿ ತೋರುತ್ತಾನೆ, ಅಳೆದರೆ ಗಾತ್ರ ಅಷ್ಟೇ. ದಿಗಂತದಲ್ಲಿ ಗುಡ್ಡ, ಗುಡಿ, ತೆಂಗಿನ ಸಾಲು ಸೇರಿ ದೂರದ ಅಂದಾಜು ಕೊಡುವುದರಿಂದ ಮಿದುಳು ಸೂರ್ಯನನ್ನು ಹಿಗ್ಗಿಸುತ್ತದೆ ಎನ್ನುವುದು ಒಂದು ವಾದ. ಅರಿಸ್ಟಾಟಲ್‌ನ ಕಾಲದಿಂದ ಚರ್ಚೆ ನಡೆಯುತ್ತಿದ್ದರೂ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಮೂಡಿಲ್ಲ.